ರಿವರ್ಬ್ ಯಾವ ಊರಾಕಿ?

"ಧ್ವನಿಯ ವಿಷಯದಲ್ಲಿ ಇಡೀ ದಾಂಡೇಲಿಯಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?" ಎಂದು ಕಳೆದ ರವಿವಾರ ಚಹಾ ಕುಡಿಯುತ್ತ ಘೋಷಿಸಿದೆ. ಇಪ್ಪತ್ತಾರು ವರ್ಷ ಕಾಗದದ ಮಿಲ್ಲಿನ ಮಷೀನುಗಳ ನಡುವೆ ನಿಂತು ಪಳಗಿದ ಕಿವಿ ನನ್ನದು.

"ಅದಕ್ಕ ನಿಮಗ ಕುಕ್ಕರಿನ ಸೀಟಿ ಕೇಳಂಗಿಲ್ಲ" ಎಂದಳು ಹೆಂಡತಿ ಶೈಲಶ್ರೀ.

ಇಂಥ ಮಾತಿಗೆಲ್ಲ ಕಲಾವಿದ ಕುಗ್ಗಬಾರದು. ಅಂದು ನಾನು ಅತ್ತೆಯ ತೊಟ್ಟಿಲ ಪದವನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಮಹಾಸಂಕಲ್ಪ ತೊಟ್ಟಿದ್ದೆ.

ಸಂಕಲ್ಪಕ್ಕೆ ಕಾರಣವಿತ್ತು. ಶುಕ್ರವಾರ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಮಗಳು ಲಕ್ಷ್ಮಿ ಬಾಣಂತಿ ಕೋಣೆಯಿಂದಲೇ ಅಪ್ಪಣೆ ಹೊರಡಿಸಿದ್ದಳು: "ಅಜ್ಜಿ ಪದ ಹಾಡಲಿಲ್ಲಂದ್ರ ನನ್ನ ಮಗಳಿಗೆ ಹೆಸರ ಇಡೂದ ಬ್ಯಾಡ." ಅಜ್ಜಿ ಎಂದರೆ ನನ್ನ ಅತ್ತೆ, ಸಿದ್ದಕ್ಕ. ಮೂರು ವರ್ಷದಿಂದ ಅವರು ಒಂದು ಪದಕ್ಕೂ ಬಾಯಿ ತೆರೆದಿಲ್ಲ. ಅವರ ಪದಗಳಲ್ಲಿ ಒಬ್ಬರು ಮುಂದೆ ಹಾಡಬೇಕು, ಇನ್ನೊಬ್ಬರು ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳಬೇಕು. ನಲವತ್ತು ವರ್ಷ ಅತ್ತೆಯ ಹಿಂದೆ ಹಾಡಿದವರು ಸಾಂಬ್ರಾಣಿಯ ನೀಲಕ್ಕ. ಹಳಿಯಾಳದ ಒಂದು ಮದುವೆಯಲ್ಲಿ ನೀಲಕ್ಕ ಅವಸರ ಮಾಡಿ ಮುಂದಿನ ಸಾಲನ್ನು ತಾವೇ ಎತ್ತಿಬಿಟ್ಟರು. ಅತ್ತೆ ಎಲ್ಲರೆದುರು "ಹಿಂದ ಹಾಡಾಕಿ ಹಿಂದ ಇರು" ಎಂದುಬಿಟ್ಟರು. ಅವತ್ತಿಗೆ ಮಾತೂ ನಿಂತಿತು, ಪದವೂ ನಿಂತಿತು.

"ನಾಲ್ಕ ಮಂದಿ ಮುಂದ ಒಬ್ಬಾಕೀನ ನಾ ಹಾಡಂಗಿಲ್ಲ" ಎಂದು ಅತ್ತೆ ಹಟ ಹಿಡಿದರು.

"ಮಂದಿ ಯಾಕ್ರಿ ಅತ್ತಿ? ಖೋಲ್ಯಾಗ ಬಾಗಲಾ ಹಾಕ್ಕೊಂಡು ಹಾಡ್ರಿ. ನಾ ರೆಕಾರ್ಡ್ ಮಾಡಿ ಶುಕ್ರವಾರ ಹಚ್ಚತೇನಿ."

ಮದುವೆಗಳಿಗೆ ಮೈಕ್ ಹಾಕುವ ಗೆಳೆಯ ಮನ್ಸೂರ ಒಂದು ಮೈಕು, ಎರಡು ಹೆಡ್‌ಫೋನು, ದನಿ ಹೊಂದಿಸುವ ಒಂದು ಚಿಕ್ಕ ಮಿಕ್ಸರ್ ಕೊಟ್ಟ.

"ಅಡಗಿ ಮನ್ಯಾಗಿನ ಮಿಕ್ಸರ್ ಕೆಟ್ಟು ತಿಂಗಳಾತು. ಅದನ್ನ ಬಿಟ್ಟು ಇನ್ನೊಂದ ತಂದ್ರೇನು?" ಎಂದಳು ಶೈಲಶ್ರೀ.

ಮನೆಯ ಕೌದಿಗಳನ್ನೆಲ್ಲ ಹಗ್ಗಕ್ಕೆ ನೇತುಹಾಕಿ ಮಲಗುವ ಕೋಣೆಯನ್ನು ಸ್ಟುಡಿಯೋ ಮಾಡಿದೆ. ಅತ್ತೆಯನ್ನು ನಡುವೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ನಾನು ಪಡಸಾಲೆಯಲ್ಲಿ ಯಂತ್ರಗಳ ಮುಂದೆ ವಿರಾಜಮಾನನಾದೆ. ಅತ್ತೆ ಒಂದು ಸಾಲು ಹಾಡಿದರು. ಹೆಡ್‌ಫೋನ್ ಕಿತ್ತು ಹೊರಗೆ ಬಂದರು. ಮುಖ ಬಾಡಿತ್ತು.

"ನನ್ನ ದನಿ ಹೋಗೇತಿ ಅಳಿಯಂದ್ರ. ಕಟಕ ರೊಟ್ಟಿ ಮುರದಂಗ ಕೇಳತೈತಿ."

ಮನ್ಸೂರನಿಗೆ ಫೋನ್ ಮಾಡಿದಾಗ ಅವನು ಹೇಳಿದ: "ಸುಭಾಸ್ ಭಾಯ್, ಅವರ ಹೆಡ್‌ಫೋನಿಗೆ ಜರಾ ರಿವರ್ಬ್ ಕೊಡ್ರಿ. ದನಿ ತುಂಬಿದಂಗ ಕೇಳತೈತಿ, ಹಾಡೋರಿಗೆ ಧೈರ್ಯ ಬರತೈತಿ. ರೆಕಾರ್ಡಿಗೇನು ಹೋಗಂಗಿಲ್ಲ. ಲೇಕಿನ್ ಜರಾ, ಹಾಂ?"

ಜರಾ ಎಂದರೆ ಎಷ್ಟು? ಕೊಡುವುದರಲ್ಲಿ ನಾನು ಕರ್ಣ. ಗುಂಡಿಯನ್ನು ಕೊನೆಯವರೆಗೆ ತಿರುವಿದೆ. ಪಕ್ಕದಲ್ಲಿ ಎಕೋ ಎಂಬ ಇನ್ನೊಂದು ಗುಂಡಿ ಸುಮ್ಮನೆ ಕುಳಿತಿತ್ತು. ಅದಕ್ಕೂ ಬೇಜಾರಾಗಬಾರದೆಂದು ಅದನ್ನೂ ತಿರುವಿದೆ.

ಅತ್ತೆ ಮತ್ತೆ ಹಾಡಿದರು. "ಹಲ್ಲಿಲ್ಲದ ನಗಿಗೆ ತೊಟ್ಟಿಲ ತೂಗೇನ..."

"ತೂಗೇನ... ತೂಗೇನ..." ಎಂದು ಹಿಂದಿನಿಂದ ಯಾರೋ ಎತ್ತಿಕೊಂಡರು.

ಅತ್ತೆ ಹಾಡು ನಿಲ್ಲಿಸಿದರು. ನನ್ನ ಹೆಡ್‌ಫೋನಿನಲ್ಲೂ ಅದೇ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಅಂದರು: "ನೀಲಿ, ನಿನ್ನ ಕದ್ದು ಕರಿಸ್ಯಾರೇನ ಇವರು? ಬಂದದ್ದು ಚಲೋ ಆತು. ಅವತ್ತಿಂದು ಮನಸ್ಸಿನಾಗ ಇಟಗೋಬ್ಯಾಡ. ತಪ್ಪು ನಂದು."

"ತಪ್ಪು ನಂದು... ನಂದು... ನಂದು..." ಎಂದಿತು ಯಂತ್ರ.

"ಹುಚ್ಚಿ, ನಿಂದೆಲ್ಲಿ ತಪ್ಪು? ನಂದು."

"ನಂದು... ನಂದು... ನಂದು..."

"ಆತು ಬಿಡು. ಇಬ್ಬರದೂ."

"ಇಬ್ಬರದೂ... ಇಬ್ಬರದೂ..."

ಮೂರು ವರ್ಷದಲ್ಲಿ ಎರಡೂ ಮನೆಯ ಹಿರಿಯರಿಂದ ಆಗದ ರಾಜಿಯನ್ನು ನನ್ನ ಮಿಕ್ಸರ್ ಅರ್ಧ ನಿಮಿಷದಲ್ಲಿ ಮಾಡಿಸಿತ್ತು. ನಾನು ಗುಂಡಿಗಳನ್ನು ಹಿಂದಕ್ಕೆ ತಿರುವಲು ಕೈ ಚಾಚಿದೆ. ಅಷ್ಟರಲ್ಲಿ ಅತ್ತೆ ಹೆಡ್‌ಫೋನ್ ಸಮೇತ ಎದ್ದರು. ವಾಯರ್ ಎಳೆದು ಮಿಕ್ಸರ್ ನನ್ನ ತೊಡೆಗೆ ಬಿತ್ತು, ಹಗ್ಗ ಹರಿದು ಕೌದಿಗಳು ಅವರ ಮೇಲೆ ಬಿದ್ದವು. ಎರಡು ಕೌದಿ ಹೊದ್ದುಕೊಂಡೇ ಪಡಸಾಲೆಗೆ ಬಂದು ಕೇಳಿದರು: "ನೀಲಿ ಎಲ್ಲಿ?"

"ಅದು... ರಿವರ್ಬ್ ರೀ ಅತ್ತಿ."

"ಆಕಿ ಯಾವ ಊರಾಕಿ? ನಾ ನೀಲಿನ್ನ ಕೇಳಾಕತ್ತೇನಿ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ನಾಲಿಗೆ ತಾನಾಗಿ ಹೊರಳಿತು. "ಬಸ್ಸಿಗೆ ಹೊತ್ತಾತಂತ ಈಗ ಹ್ವಾದ್ರಿ."

ಅಡುಗೆಮನೆಯ ಬಾಗಿಲಲ್ಲಿ ಶೈಲಶ್ರೀ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಹಂಗಾದ್ರ ಗಾಡಿ ತಗೊಂಡು ಹೋಗಿ ಹೊಳ್ಳಿ ಕರಕೊಂಡು ಬರ್ರಿ" ಎಂದರು ಅತ್ತೆ.

ಸಾಂಬ್ರಾಣಿಯಲ್ಲಿ ನೀಲಕ್ಕ ಅಂಗಳದಲ್ಲಿ ಕುಳಿತು ಗೋವಿನಜೋಳ ಸುಲಿಯುತ್ತಿದ್ದರು. ನಾನು ನಿಂತ ಕಾಲಲ್ಲೇ ಎಲ್ಲ ಒಪ್ಪಿಕೊಂಡೆ. ಗುಂಡಿ, ಎಕೋ, ಬಸ್ಸು, ಏನೂ ಬಿಡಲಿಲ್ಲ. ಅವರ ಕೈ ನಿಂತಿತು.

"ತಪ್ಪು ನಂದು ಅಂದ್ಲೇನು? ಸಿದ್ದಕ್ಕ?"

"ಹೌದ್ರಿ ಮಾವಶಿ."

"ಎಷ್ಟ ಸಲ?"

"ಅತ್ತಿ ಎರಡ ಸಲ ಅಂದ್ರು. ಮಷೀನ್ ಆರ ಸಲ ಅಂತು."

"ಮಷೀನಿಂದು ಬಿಡ್ರಿ. ಎರಡು ಸಾಕು."

ತೆನೆಯನ್ನು ಅಲ್ಲೇ ಬಿಟ್ಟು, ಸೀರೆ ಬದಲಿಸಿ ಬಂದು, ಬೈಕಿನ ಹಿಂದೆ ಕುಳಿತರು. ಆ ತಾಯಿಯ ಕಾಲಿಗೆ ಬೀಳಬೇಕೆನ್ನಿಸಿತು ನನಗೆ. ಮನೆಯ ಬಾಗಿಲಲ್ಲಿ ಅತ್ತೆ "ಹೇಳದ ಕೇಳದ ಯಾಕ ಹೋದಿ?" ಎಂದು ಕೇಳಿದಾಗ, ನೀಲಕ್ಕ ನನ್ನ ಮುಖ ನೋಡಿ, "ಬಸ್ ಇತ್ತವ್ವ" ಎಂದರು. ನನ್ನ ಮಾನ ಉಳಿಯಿತು.

ಶುಕ್ರವಾರ ಇಬ್ಬರೂ ತೊಟ್ಟಿಲಿನ ಎರಡು ಕಡೆ ಕುಳಿತು ಹಾಡಿದರು. ಅತ್ತೆಯ ದನಿ ಎಲ್ಲಿಗೂ ಹೋಗಿರಲಿಲ್ಲ. ಲಕ್ಷ್ಮಿ ಅತ್ತಳು, ಶೈಲಶ್ರೀ ಅತ್ತಳು, ಹೆಸರಿಡಿಸಿಕೊಂಡವಳು ಮಾತ್ರ ನಿದ್ದೆ ಹೋದಳು. ನನ್ನ ಯಂತ್ರಗಳನ್ನು ಯಾರೂ ಕೇಳಲಿಲ್ಲ. ನಾನೂ ನೆನಪಿಸಲಿಲ್ಲ. ಹಾಡು ಕೇಳುತ್ತ ಆ ಎರಡು ಗುಂಡಿಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆದರೆ ಹೇಳಿದ ಸುಳ್ಳನ್ನು ಒಪ್ಪಿಕೊಳ್ಳುವುದು ಬಾಕಿಯಿತ್ತು. ನೆಂಟರು ಊಟಕ್ಕೆ ಕುಳಿತಾಗ ಅತ್ತೆಯನ್ನು ಪಕ್ಕಕ್ಕೆ ಕರೆದೆ.

"ಅತ್ತಿ, ರವಿವಾರ ಮಾವಶಿ ಬಂದಿರಲಿಲ್ರಿ. ಮಾತಾಡಿದ್ದು ಮಷೀನ್."

"ಅವತ್ತ ಗೊತ್ತಾತ್ರಿ ನನಗ" ಎಂದರು ಅತ್ತೆ, ಎಲೆ ಅಡಿಕೆ ಬಾಯಿಗಿಡುತ್ತ. "ನಲವತ್ತ ವರ್ಷದಾಗ ನೀಲಿ ಒಂದ ಸಲಾನೂ ತಪ್ಪು ನಂದು ಅಂದಾಕಿ ಅಲ್ಲ."

ನಾನು ಕೇಳಿದೆ: "ಮತ್ತ ನನ್ನ ಯಾಕ ಸಾಂಬ್ರಾಣಿಗೆ ಓಡಿಸಿದ್ರಿ?"

"ನಾನಾಗೇ ಕರಿಯಾಕ ನಾಚಿಕಿ ಬರತಿತ್ತು. ದೇವರು ದೊಡ್ಡಾಂವ ಅಳಿಯಂದ್ರ, ಹೊತ್ತಿಗೆ ಸರಿಯಾಗಿ ನಿಮ್ಮ ಬಾಯಾಗ ಒಂದು ಸುಳ್ಳು ಇಟ್ಟ."