ಕೊನೆಗೊಂದು 'ಯೊ'

ಕೆಲಸ ಹೋಗುವ ಹೊತ್ತಿನಲ್ಲಿ ಭಾಷೆ ಕಲಿಯಲು ಕೂತರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಪೀಣ್ಯದ ಒಂದು ಕೊರಿಯನ್ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಮಾಡುವ ಕಾರ್ಖಾನೆ. ಆರ್ಡರ್ ಇಳಿದವು. ಅರ್ಧ ಜನರನ್ನು ತೆಗೆಯುತ್ತಾರೆ, ಕೊರಿಯನ್ ಪರೀಕ್ಷೆ ಪಾಸಾದವರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಎಂದು ಎಚ್‌ಆರ್‌ನವರು ಹೇಳಿದರು. ನನಗೆ ನಲವತ್ತೆಂಟು. ಈ ವಯಸ್ಸಿನವನನ್ನು ಪೀಣ್ಯದಲ್ಲಿ ಇನ್ಯಾರೂ ಕರೆದು ಕೆಲಸ ಕೊಡುವುದಿಲ್ಲ. ಹೆದರಿಕೆಗೆ ಮೊದಲ ಬೆಂಚಿನಲ್ಲೇ ಹೋಗಿ ಕೂತೆ.

೧. ಹಿಂದೆಯೋ, ಮುಂದೆಯೋ

ಪಾಠ ಕ್ಯಾಂಟೀನಿನಲ್ಲಿ. ಹೇಳಿಕೊಡುವವಳು ನನ್ನ ಮಗಳ ವಯಸ್ಸಿನ ಹುಡುಗಿ, ಕೊರಿಯನ್ ಸೀರಿಯಲ್ ನೋಡಿ ನೋಡಿಯೇ ಭಾಷೆ ಕಲಿತವಳು. "ಮಾತಿನ ಕೊನೇಲಿ 'ಯೊ' ಹಾಕಿದ್ರೆ ಮರ್ಯಾದೆ. ಹಾಕ್ದೆ ಇದ್ರೆ ಏಕವಚನ," ಅಂದಳು.

ಗೇಟಿನ ಸೆಕ್ಯುರಿಟಿಯವನು ಮಾಗಡಿ ಕಡೆಯವನು. ಗಾಬರಿಯಾಗಿ, "ಮೇಡಂ, ನಮ್ಮೂರಲ್ಲಿ ಯೋ ಅಂದ್ರೆ ಒದೆ ಬೀಳ್ತದೆ," ಅಂದ.

"ಕೊನೇಲಿ ಹಾಕಿ ಅಣ್ಣ, ಮೊದಲಲ್ಲಲ್ಲ."

ಮಾರನೆಯ ಬೆಳಿಗ್ಗೆ ಕೊರಿಯನ್ ಮ್ಯಾನೇಜರ್ ಕಾರು ಬಂತು. ಇವನು ಸಲ್ಯೂಟ್ ಹೊಡೆದ. ಕೊರಿಯನ್ನಿನ ನಮಸ್ಕಾರ ಪೂರ್ತಿ ಮರೆತುಹೋಗಿ, ನೆನಪಿಗೆ ಬಂದದ್ದು ಅದರ ಕೊನೆಯೊಂದೇ. "ಯೋ!" ಎಂದು ಕೂಗಿದ. ಡ್ರೈವರ್ ಕನಕಪುರದವನು. ಗಾಡಿ ನಿಲ್ಲಿಸಿ, "ಯಾವನಿಗ್ಲಾ ಯೋ ಅಂದಿದ್ದು?" ಎಂದು ಇಳಿದೇಬಿಟ್ಟ. ಅವರಿಬ್ಬರೂ ಕಾಲರ್ ಹಿಡಿದುಕೊಂಡಿದ್ದಾಗ, ಮ್ಯಾನೇಜರ್ ಹಿಂದಿನ ಸೀಟಿನಿಂದ ಬಗ್ಗಿ ಪ್ರತಿವಂದನೆ ಮಾಡುತ್ತಿದ್ದರು.

೨. ಕಾರಣ: ಭಾಷೆ

ಕೊರಿಯನ್ನಿನಲ್ಲಿ 'ನೇ' ಅಂದರೆ ಹೌದು. ಆ ಪಾಠ ಕ್ಯಾಂಟೀನಿಗೆ ಬರುವ ಮೊದಲೇ ಪ್ರೆಸ್ ಮಷಿನ್ ಹತ್ತಿರ ಬಂತು. ಒಳಗೆ ರಬ್ಬರ್ ಸಿಕ್ಕಿಕೊಂಡಿತ್ತು. ಸ್ವಿಚ್ ಹತ್ತಿರವಿದ್ದ ಬಿಹಾರದ ಎಲೆಕ್ಟ್ರಿಷಿಯನ್, "ಆಫ್?" ಎಂದು ಕೊರಿಯನ್ ಎಂಜಿನಿಯರನ್ನು ಕೇಳಿದ. ಅವರು "ನೇ, ನೇ" ಅಂದರು. ಇವನ ಕಿವಿಗೆ ಅದು 'ನಹೀ' ಎಂದು ಬಿತ್ತು, ಸ್ವಿಚ್ ಮುಟ್ಟಲಿಲ್ಲ. ಸ್ವಿಚ್ ಆರಿಸಿದ್ದಾರೆ ಎಂದುಕೊಂಡು ಬಾಗಲಕೋಟೆಯ ಆಪರೇಟರ್ ಕೈ ಹಾಕಿದ. ಎಡಗೈ ಕಿರುಬೆರಳಿನ ಅರ್ಧ ಹೋಯಿತು.

ನಗುವ ವಿಷಯವಲ್ಲ. ಅಪಘಾತದ ವರದಿಯಲ್ಲಿ 'ಕಾರಣ' ಎಂಬಲ್ಲಿ ಎಚ್‌ಆರ್‌ನವರು 'ಭಾಷೆ ಬಾರದಿರುವುದು' ಎಂದು ಬರೆದರು. ಮಷಿನಿಗೆ ಕೈ ಒಳಹೋಗದಂತೆ ತಡೆಯುವ ಅಡ್ಡಗಂಬಿ ಇರಲಿಲ್ಲ ಎಂಬುದರ ಬಗ್ಗೆ ಒಂದಕ್ಷರವಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿ ಬಿಡಲಿಲ್ಲ. ಕೆಲಸದಿಂದ ತೆಗೆಯುವವರ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲವಲ್ಲ.

ಹದಿನೈದು ದಿನದ ಮೇಲೆ ಆ ಆಪರೇಟರ್ ಬ್ಯಾಂಡೇಜು ಕಟ್ಟಿಕೊಂಡೇ ಪಾಠಕ್ಕೆ ಬಂದ. ಅವನಿಗೂ ಕೆಲಸ ಬೇಕು. ಅವತ್ತು ಬೆರಳು ಮಡಚಿ ಒಂದರಿಂದ ಹತ್ತು ಎಣಿಸುವ ಪಾಠ. ಅವನ ಕೈ ನೋಡಿ ಹುಡುಗಿ ಪುಸ್ತಕ ಮುಚ್ಚಿಬಿಟ್ಟಳು. ಕೊನೆಗೆ ಅವನೇ ಸಮಾಧಾನ ಹೇಳಿದ: "ನೀವು ಕಲಸ್ರಿ ಮೇಡಂ. ನನಗ ಒಂಬತ್ತೂವರಿ ಮಟ ಬಂದ್ರ ಸಾಕ್ರಿ."

೩. ಹಿರಿಯರಿಗೆ ಮೊದಲು

ಕೊರಿಯನ್ನರು ವಯಸ್ಸು ಕೇಳಿಕೊಂಡು ಮಾತಿನ ಮರ್ಯಾದೆ ಎಷ್ಟೆಂದು ಗೊತ್ತು ಮಾಡುತ್ತಾರೆ. ಒಂದು ದಿನ ಊಟದ ಹೊತ್ತಿನಲ್ಲಿ ಮ್ಯಾನೇಜರ್ ಎಲ್ಲರ ವಯಸ್ಸು ಕೇಳುತ್ತ ಬಂದರು. ಕ್ವಾಲಿಟಿ ವಿಭಾಗದ ನನ್ನ ಸ್ನೇಹಿತನಿಗೆ ನಲವತ್ತೆರಡು. ಮರ್ಯಾದೆಯ ಆಸೆಗೆ "ಐವತ್ತೈದು" ಅಂದುಬಿಟ್ಟ. ತಲೆ ನರೆತಿತ್ತು, ಅವರೂ ನಂಬಿದರು.

ಮುಂದಿನ ವಾರ ಎಚ್‌ಆರ್‌ನವರು ಕರೆದರು. "ನಿಮ್ ವಯಸ್ಸಿಗೆ ಗೌರವ ಕೊಟ್ಟು, ಮನೆಗೆ ಕಳಿಸೋ ಪಟ್ಟೀಲಿ ಸಾರ್ ನಿಮ್ ಹೆಸರನ್ನೇ ಮೊದ್ಲು ಹಾಕಿದಾರೆ."

ಇವನು ಆಧಾರ್ ಕಾರ್ಡ್ ತೋರಿಸಿದ.

"ಹಾಗಾದ್ರೆ ಸುಳ್ಳು ಹೇಳಿದ್ದಕ್ಕೆ ತೆಗೀತಾರೆ. ಯಾವುದು ಬೇಕು ನೋಡಿ."

ಇವನು ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಐವತ್ತೈದೇ ಇರ್ಲಿ ಬಿಡಿ," ಅಂದ.

೪. ಬಾಯಿಪರೀಕ್ಷೆ

ಕೊರಿಯನ್ನಿನಲ್ಲಿ ಬೀಳ್ಕೊಡುವ ಮಾತು ಎರಡು. ಹೊರಡುವವರಿಗೆ 'ಗಾಸೆಯೊ', ಅಂದರೆ ಚೆನ್ನಾಗಿ ಹೋಗಿ. ಉಳಿಯುವವರಿಗೆ 'ಗೇಸೆಯೊ', ಅಂದರೆ ಚೆನ್ನಾಗಿ ಇರಿ. 'ಹೋಗ್ತೀನಿ' ಎಂಬುದನ್ನೇ ಅಪಶಕುನ ಅಂದುಕೊಂಡು 'ಬರ್ತೀನಿ' ಅನ್ನುವ ನಮಗೆ ಇದು ತಲೆಗೆ ಹತ್ತುವುದು ಕಷ್ಟ.

ಪರೀಕ್ಷೆ ಮ್ಯಾನೇಜರ್ ಕೋಣೆಯಲ್ಲಿ, ಒಬ್ಬೊಬ್ಬರಿಗೇ. ಮೊದಲ ಸರದಿ ನನ್ನದು. ಹೆಸರು, ಊರು, ಕೆಲಸ ಎಲ್ಲ ಸರಿಯಾಗಿ ಹೇಳಿದೆ. ಎಲ್ಲಕ್ಕೂ ಯೊ ಹಚ್ಚಿದೆ. ಕೆಲಸ ಉಳಿಯಿತು ಎಂಬ ಖುಷಿಯಲ್ಲಿ ಎದ್ದು, ಸೊಂಟದವರೆಗೆ ಬಗ್ಗಿ, ಕೋಣೆಯಲ್ಲೇ ಉಳಿಯುವ ಅವರಿಗೆ "ಗಾಸೆಯೊ" ಅಂದುಬಿಟ್ಟೆ. ನೀವು ಹೊರಡಿ ಅಂದ ಹಾಗಾಯಿತು.

ಅವರ ಮುಖ ಬಿಳುಚಿಕೊಂಡಿತು. "ನಿಮಗೆ ಯಾರು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಪಾಠದ ಮೇಡಂ, ಸಾರ್."

"ಅವರಿಗೂ ಗೊತ್ತಾ?" ಎಂದು ತಲೆ ಹಿಡಿದುಕೊಂಡರು. ಆಮೇಲೆ ಮೇಜಿನ ಮೇಲಿನ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಸಿಯೋಲ್‌ನಿಂದ ಅಂದು ಬೆಳಿಗ್ಗೆ ಬಂದದ್ದು. ಅರ್ಧ ಜನರಲ್ಲ, ಪೂರ್ತಿ ಪ್ಲಾಂಟೇ ಬಂದ್. ಮ್ಯಾನೇಜರೂ ವಾಪಸ್. ನಾನು ಮತ್ತೊಮ್ಮೆ ಬಗ್ಗಿ, ಗಾಸೆಯೊ ಅಂದದ್ದಕ್ಕೆ ಕ್ಷಮಿಸಿ ಅಂದೆ.

"ತಪ್ಪೇನಿಲ್ಲ," ಅಂದರು ಅವರು, ಕಣ್ಣೊರೆಸಿಕೊಂಡು. "ಇಬ್ಬರೂ ಹೊರಡುವವರಾದರೆ ಇಬ್ಬರೂ ಗಾಸೆಯೊ ಅಂತಲೇ ಹೇಳಬೇಕು."

ಹತ್ತಕ್ಕೆ ಹತ್ತು ಹಾಕಿದರು. ಇಡೀ ಪ್ಲಾಂಟಿಗೆ ನಾನೇ ಫಸ್ಟು.