ಅಲ್ಲಾಡಿದರೆ ಬೆಳಕು

ಭಾನುವಾರ ಯಾರೂ ಇಲ್ಲದಾಗ ನೀರು ಸರಬರಾಜು ಕಚೇರಿಗೆ ಹೊಸ ದೀಪಗಳನ್ನು ಹಾಕಿ ಹೋಗಿದ್ದರು. ಮೇಜಿಗೊಂದರಂತೆ. ಕೆಳಗೆ ಕೂತವರು ಅಲ್ಲಾಡುತ್ತಿದ್ದರೆ ಉರಿಯುತ್ತವೆ, ಸುಮ್ಮನಾದರೆ ಚೂರು ಕಾದು ಆರಿಹೋಗುತ್ತವೆ. ವಿದ್ಯುತ್ ಉಳಿಸಿ ಭೂಮಿ ಕಾಯುವ ಈ ಉಪಾಯ ಹೊಳೆದ ಪುಣ್ಯಾತ್ಮ ಯಾವ ಸರ್ಕಾರಿ ಕಚೇರಿಯನ್ನೂ ಒಳಹೊಕ್ಕು ನೋಡಿರಲಿಕ್ಕಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು, ಕೂತು, ಕೆಲಸ ಶುರುಮಾಡಿದ ತಕ್ಷಣ ಇಡೀ ಕಚೇರಿ ಕತ್ತಲಾಯಿತು.

"ಕರೆಂಟ್ ಹೋಯ್ತೇನ್ರೀ?" ಎಂದರು ಬಿಲ್ಲಿನ ವಿಭಾಗದ ಅಕ್ಕ. ಕೇಳಲು ಕತ್ತು ತಿರುಗಿಸಿದ್ದಕ್ಕೆ ಅವರ ದೀಪ ಹತ್ತಿತು. ಉತ್ತರ ಬರುವಷ್ಟರಲ್ಲಿ ಆರಿತು.

"ನಾವು ಇದೀವಿ ಅನ್ನೋದೇ ಅದಕ್ಕೆ ಗೊತ್ತಾಗ್ತಿಲ್ಲ," ಎಂದರು ಮೀಟರ್ ವಿಭಾಗದ ಹಿರಿಯರು, ತಮ್ಮ ಕತ್ತಲಿನಿಂದ. ಕಚೇರಿಯಲ್ಲಿ ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. "ಜನಕ್ಕೆ ಮೊದಲಿಂದ ಇದ್ದ ಅನುಮಾನ. ಈಗ ದೀಪಕ್ಕೂ ಬಂತು."

ನಗು ಬಾರದಿದ್ದುದು ಟಪಾಲು ವಿಭಾಗದ ಗುಮಾಸ್ತನಿಗೊಬ್ಬನಿಗೆ. ಅವನ ಹೆಂಡತಿ ಒಂದು ರಾತ್ರಿಯ ಬಸ್ಸಿನಷ್ಟು ದೂರದ ಊರಿನಲ್ಲಿ ಟೀಚರ್. ಶನಿವಾರ ರಾತ್ರಿ ಹೋಗುವ ಬಸ್ಸು, ಭಾನುವಾರ ರಾತ್ರಿ ಬರುವ ಬಸ್ಸು, ಉಳಿದ ದಿನ ಮೊಬೈಲಿನಲ್ಲೇ ಸಂಸಾರ. ಮಗಳಿಗೆ ಈಗಷ್ಟೇ ಮಾತು ಬಂದಿದೆ. ಅವನನ್ನು 'ಮೊಬೈಲ್ ಮಾಮ' ಎನ್ನುತ್ತಾಳೆ. ಅವನ ವರ್ಗಾವಣೆಯ ಆದೇಶ ಸಾಹೇಬರ ಮೇಜಿನ ಮೇಲೆ ಸಿದ್ಧವಾಗಿ ಬಿದ್ದಿತ್ತು. ಸಹಿ ಒಂದೇ ಬಾಕಿ. "ಕರೆಂಟ್ ಉಳಿಸೋ ಕಚೇರಿಗೆ ಬಹುಮಾನ ಕೊಡೋ ಹಸಿರು ತಪಾಸಣೆ ಸೋಮವಾರ ಇದೆ. ಅದು ಸುಸೂತ್ರ ಮುಗೀಲಿ, ಹಾಕ್ತೀನಿ," ಎಂದಿದ್ದರು.

ಸಾಹೇಬರು ಕೋಣೆಯಿಂದ ಹೊರಬಂದು ಕತ್ತಲನ್ನು ನೋಡಿದರು. "ತಪಾಸಣೆಯವರು ಬಂದ್ರೆ ಕಚೇರಿಗೆ ಬೀಗ ಹಾಕಿದೆ ಅಂದ್ಕೊಂಡು ವಾಪಸ್ ಹೋಗ್ತಾರಲ್ಲಯ್ಯ!"

"ಕಿಟಕಿಗೆ ಅಡ್ಡ ಇರೋ ಬೀರುಗಳನ್ನ ಸರಿಸಿದ್ರೆ ಬಿಸಿಲೇ ಬರುತ್ತೆ ಸಾರ್," ಎಂದ ಗುಮಾಸ್ತ.

"ಬೀರು ಸರಿಸೋಕೆ ಮೇಲಿಂದ ಅನುಮತಿ ಬೇಕು. ಸೂರ್ಯನ್ನ ನಂಬ್ಕೊಂಡು ಕಚೇರಿ ನಡೆಸೋಕಾಗುತ್ತಾ? ಬಾಗಿಲಿಗೆ ಎದುರಿರೋದು ನಿನ್ನ ಮೇಜು. ನಿಂದೊಂದು ದೀಪ ಉರೀತಿದ್ರೆ ನಮ್ಮ ಮರ್ಯಾದೆ ಉಳಿಯುತ್ತೆ. ಕೈ ಆಡಿಸ್ತಾ ಇರು."

"ಎಷ್ಟು ಹೊತ್ತು ಸಾರ್?"

"ಹೆಂಡ್ತಿ ಮಗಳ ಜೊತೆ ಇರಬೇಕು ಅಂತ ಎಷ್ಟು ಆಸೆ ಇದೆಯೋ ಅಷ್ಟು ಹೊತ್ತು."

ಗುಮಾಸ್ತ ಬಲಗೈ ಎತ್ತಿ ಆಡಿಸತೊಡಗಿದ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ತಲೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಬಂದ ಮೈ. ಕುಲುಕುವುದನ್ನು ಅಲ್ಲಿಂದಲೇ ಮುಂದುವರಿಸಿತು.

"ಬರೀ ಕೈ ಸಾಲದು ಕಣೋ, ಸೊಂಟನೂ ಸೇರಿಸು," ಎಂದರು ದೊಡ್ಡಪ್ಪ, ಕತ್ತಲಲ್ಲಿ ಕಾಲು ಚಾಚಿ.

"ಪಾಪ, ನೀರಲ್ಲಿ ಮುಳುಗ್ತಿರೋನ ಥರ ಕಾಣ್ತಾನೆ," ಎಂದರು ಅಕ್ಕ.

ನಿಜವಾಗಿ ಮುಳುಗಿಸಿದ್ದು ಒಬ್ಬ ತಾತ. ಛತ್ರಿ ಹಿಡಿದುಕೊಂಡು ಬಾಗಿಲಲ್ಲಿ ಇಣುಕಿದರು. ಮನೆಗೆ ನಲ್ಲಿ ಹಾಕಿಸಲು ಅವರು ಎಷ್ಟು ಸಲ ಬಂದಿದ್ದರೆಂದರೆ ಕಚೇರಿಯ ಹೊಸ್ತಿಲು ಅವರ ಚಪ್ಪಲಿಗಿಂತ ಹೆಚ್ಚು ಸವೆದಿತ್ತು. ಇವತ್ತು ನೋಡಿದರೆ ಕತ್ತಲ ನಡುವೆ, ಬೆಳಕಿನ ಕೆಳಗೆ, ಒಬ್ಬ ಸರ್ಕಾರಿ ನೌಕರ ತನ್ನತ್ತ ಕೈಬೀಸಿ ಕರೆಯುತ್ತಿದ್ದಾನೆ! ಬೇರೆ ಯಾರನ್ನೋ ಇರಬೇಕೆಂದು ತಾತ ಹಿಂದೆ ತಿರುಗಿದರು. ಯಾರೂ ಇಲ್ಲ. ಅವರ ಕಣ್ಣು ತುಂಬಿ ಬಂತು.

"ನನ್ನನ್ನೇನಪ್ಪಾ?"

"ಅಲ್ಲ ತಾತ, ಇದು ದೀಪಕ್ಕೆ..."

"ಬಂದೆ, ಬಂದೆ."

ತಾತ ಬಂದು ಕೂತರು. ಕೆಲಸ ಆಗದೆ ಏಳುವ ಗಿರಾಕಿಯಲ್ಲ. ಗುಮಾಸ್ತ ಎಡಗೈ ಆಡಿಸುತ್ತಲೇ ಬಲಗೈಯಲ್ಲಿ ಅವರ ಅರ್ಜಿ ಹುಡುಕಿ, ಮುದ್ರೆ ಒತ್ತಿ ಕಳಿಸಿದ. ಹೋದವರು ಬಾಯಿ ಮುಚ್ಚಿಕೊಂಡಿರಬೇಕಲ್ಲ! "ಒಳಗೊಬ್ಬ ಕರೆದು ಕರೆದು ಕೆಲಸ ಮಾಡ್ಕೊಡ್ತಿದಾನೆ. ತಲೆ ಕೆಟ್ಟಿರಬೇಕು. ವಾಸಿಯಾಗೋ ಮುಂಚೆ ಹೋಗ್ರಪ್ಪ!" ಎಂದು ಬೀದಿಗೆಲ್ಲ ಸಾರಿದರು.

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಒಡೆದ ಪೈಪಿನವರು, ತಪ್ಪು ಬಿಲ್ಲಿನವರು, ನಲ್ಲಿಯಲ್ಲಿ ಬರೀ ಗಾಳಿ ಬರುವವರು. ಬೇಡ, ಬರಬೇಡಿ ಎಂದು ಗುಮಾಸ್ತ ಕೈಯಾಡಿಸಿದಷ್ಟೂ ಹಿಂದಿದ್ದವರು ಮುಂದೆ ಬಂದರು. ಅಷ್ಟರಲ್ಲಿ ಅಕ್ಕ ಒಂದು ಕಟ್ಟು ಬಿಲ್ಲು ತಂದು ಅವನ ಮೇಜಿನ ಮೇಲಿಟ್ಟರು.

"ನನ್ನ ಹತ್ರ ಏನೂ ಕಾಣಲ್ಲ. ನಿನ್ನ ಹತ್ರ ಹೇಗೂ ಬೆಳಕಿದೆ, ಇದನ್ನೂ ನೋಡ್ಬಿಡಪ್ಪ."

"ನಂದೂ ಇರಲಿ," ಎಂದರು ದೊಡ್ಡಪ್ಪ. "ಈ ವಯಸ್ಸಲ್ಲಿ ನಾನು ಅಲ್ಲಾಡೋದು ಚೆನ್ನಾಗಿರಲ್ಲ."

ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿಯ ಕೆಲಸ ಒಂದೇ ಮೇಜಿನ ಮೇಲಿತ್ತು. ವಿಚಿತ್ರವೆಂದರೆ, ಆಗುತ್ತಲೂ ಇತ್ತು.

ಸಂಜೆ ತಪಾಸಣೆಯ ಮೇಡಂ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ನಗುವನ್ನೂ ಉಳಿತಾಯ ಮಾಡುವ ಮುಖ. ಗೋಡೆಯ ಪೆಟ್ಟಿಗೆ ತೆರೆದು ಯಾವ ದೀಪ ಎಷ್ಟು ಉರಿದಿದೆಯೆಂದು ನೋಡಿದರು. ಹುಬ್ಬು ಗಂಟಿಕ್ಕಿದರು.

"ಎಲ್ಲಾ ದೀಪನೂ ಆರಿವೆ. ಒಂದು ಮಾತ್ರ ಬೆಳಿಗ್ಗೆಯಿಂದ ಆರೇ ಇಲ್ಲ. ಯಾರದು ಇದು?"

ಸಾಹೇಬರ ಮುಖ ಸುಣ್ಣ ಬಳಿದಂತಾಯಿತು. "ಇವನಾ ಮೇಡಂ? ಇವನು ನಮ್ಮವನೇ ಅಲ್ಲ! ವರ್ಗ ಆಗಿದೆ!" ಎಂದವರೇ ಕೋಣೆಗೆ ಓಡಿ, ಆದೇಶಕ್ಕೆ ಸಹಿ ಗೀಚಿ ತಂದು ಗುಮಾಸ್ತನ ಕೈಗೆ ತುರುಕಿದರು. "ಹೊರಡಯ್ಯ, ಈಗಲೇ ಹೊರಡು. ಕರೆಂಟ್ ಕುಡಿಯೋ ರಾಕ್ಷಸ!"

ಗುಮಾಸ್ತನ ಕೈ ಬೆಳಿಗ್ಗೆಯಿಂದ ಮೊದಲ ಬಾರಿಗೆ ನಿಂತಿತು. ಬೈಗುಳ ಇಷ್ಟು ಇಂಪಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ಹೋದ. ಹಿಂದೆ ಅವನ ದೀಪ ಆರಿತು. ಸಾಲಿನಲ್ಲಿದ್ದವರು ಬೊಬ್ಬೆ ಹಾಕಿದರು.

"ಅವರು ಹೋದ್ರೆ ನಮ್ಮ ಕೆಲಸ ಮಾಡೋರ್ಯಾರು?"

"ನಿಲ್ಲಿ," ಎಂದರು ಮೇಡಂ. "ಇವತ್ತಿನ ಕೆಲಸ ಎಲ್ಲಾ ಇವರೊಬ್ಬರೇ ಮಾಡಿದ್ದಾ? ಎಲ್ಲಾ ವಿಭಾಗದ್ದೂ?"

"ಎಲ್ಲಾದ್ದೂ ಮೇಡಂ," ಎಂದರು ಅಕ್ಕ, ಅವನಿಗೆ ಉಪಕಾರ ಮಾಡುವ ದನಿಯಲ್ಲಿ. ದೊಡ್ಡಪ್ಪ ತಲೆಯಾಡಿಸಿದರು. ಅವರ ದೀಪ ಸಾಕ್ಷಿಗೆಂಬಂತೆ ಒಮ್ಮೆ ಹತ್ತಿತು.

ಮೇಡಂ ಉಳಿಸಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದರು. "ಒಂದೇ ದೀಪದಲ್ಲಿ ಒಂದು ಕಚೇರಿ! ಇಂಥ ಉಳಿತಾಯ ನಾನು ಎಲ್ಲೂ ನೋಡಿಲ್ಲ. ಮೊದಲ ಬಹುಮಾನ ನಿಮಗೇ. ಆದ್ರೆ ಷರತ್ತು ಒಂದಿದೆ. ಐದು ವರ್ಷ ಹೀಗೇ ನಡೀಬೇಕು. ಈ ದೀಪ, ಈ ಮನುಷ್ಯ, ಎರಡೂ ಇದೇ ಜಾಗದಲ್ಲಿರಬೇಕು."

"ಎಂಥ ಮಾತು ಮೇಡಂ! ಇವನು ನನ್ನ ಮಗನಿದ್ದ ಹಾಗೆ," ಎಂದು ಸಾಹೇಬರು ಗುಮಾಸ್ತನನ್ನು ಅಪ್ಪಿಕೊಂಡರು. ಅಪ್ಪುಗೆ ಬಿಟ್ಟಾಗ ಆದೇಶ ಅವರ ಕೈಯಲ್ಲಿತ್ತು. ಹರಿಯಲು ಹೊರಟವರು ಮೇಡಂ ನೋಡುತ್ತಿದ್ದಾರೆಂದು ತಡೆದರು. ಹಸಿರು ಕಚೇರಿಯಲ್ಲಿ ಒಂದು ಮಗ್ಗುಲು ಖಾಲಿಯಿರುವ ಕಾಗದವನ್ನು ಹಾಳುಮಾಡುವಂತಿಲ್ಲ. ಆದೇಶಕ್ಕೊಂದು ಅಡ್ಡಗೆರೆ ಎಳೆದು, ಮಗುಚಿ, ಹಿಂಬದಿಯಲ್ಲಿ ಅವನಿಗೊಂದು ಪ್ರಶಂಸಾಪತ್ರ ಬರೆದು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತು ಮಾತ್ರ ಕಚೇರಿಯ ಎಲ್ಲ ದೀಪಗಳೂ ಝಗ್ಗೆಂದು ಒಟ್ಟಿಗೆ ಉರಿದವು.

ಎಲ್ಲರೂ ಹೋದ ಮೇಲೆ ಅವನು ತನ್ನ ಜಾಗದಲ್ಲಿ ಕೂತ. ದೀಪ ಆರಿತು. ಮೊಬೈಲು ಬಡಿದುಕೊಂಡಿತು.

"ಏನೂ ಕಾಣ್ತಿಲ್ಲರೀ, ಎಲ್ಲಿದೀರ?" ಹೆಂಡತಿಗೆ ಉಸಿರು ನಿಲ್ಲದ ಆತುರ. "ಸಹಿ ಆಯ್ತಾ?"

"ಆಯ್ತು," ಎಂದ. ಅದೇನೂ ಸುಳ್ಳಲ್ಲ. ಉಳಿದದ್ದನ್ನು ಎಲ್ಲಿಂದ ಶುರುಮಾಡುವುದೆಂದು ಅವನು ತಡಕಾಡುತ್ತಿರುವಾಗಲೇ ಅವಳು ಕೂಗಿದಳು. "ಪುಟ್ಟೀ, ಬಾರೇ! ಅಪ್ಪ ಮನೆಗೇ ಬಂದ್ಬಿಡ್ತಾರಂತೆ!"

ಪರದೆಯ ತುಂಬ ಮಗಳ ಮುಖ ಬಂತು. ಈಚೆಯ ಕತ್ತಲನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಅಪ್ಪ?" ಎಂದಳು. ಹಾಗೆಂದದ್ದು ಅದೇ ಮೊದಲು.

ತನ್ನ ಮುಖ ಅವಳಿಗೆ ಕಾಣಲೆಂದು ಅವನು ಗಡಬಡಿಸಿ ಕೈ ಎತ್ತಿ ಆಡಿಸಿದ. ದೀಪ ಹತ್ತಿತು.

"ಟಾಟಾ ಮಾಮ!" ಎಂದು ಮಗಳೂ ಕೈಯಾಡಿಸಿ, ಕೆಂಪು ಗುಂಡಿ ಒತ್ತಿಬಿಟ್ಟಳು.