ಇಲ್-96ರ ಕೊನೆಯ ಅಕ್ಷರ

ನದಿಯ ಎಡದಂಡೆಯ ವಿಮಾನ ಕಾರ್ಖಾನೆಯಲ್ಲಿ ವಿಮಾನದ ಮೂಗಿನ ಪಕ್ಕ ಹೆಸರು ಬರೆಯುವವನು ಸವೆಲಿ ಮಕಾರಿಚ್. ಆ ಶುಕ್ರವಾರ ಬೆಳಿಗ್ಗೆಯೇ ಅಟ್ಟಣಿಗೆ ಏರಿ ‘ಇಲ್-96-400’ ಎಂದು ಮಾದರಿಯ ಹೆಸರು ಬರೆದು, ಕೊನೆಗೊಂದು ‘ಎಂ’ ಸೇರಿಸಿ ಕುಂಚ ತೊಳೆದಿಟ್ಟ. ಕೆಲಸ ಮುಗಿದರೆ ಒಂದು ವಾರ ರಜೆ ಎಂದು ಮೇಸ್ತ್ರಿ ವಾದಿಮ್ ಗ್ಲೆಬೊವಿಚ್ ಮಾತು ಕೊಟ್ಟಿದ್ದ. ಸಂಜೆಯ ರೈಲಿಗೆ ಹೆಂಡತಿ ರಯೀಸಾಳೊಂದಿಗೆ ಅನಾಪಾಕ್ಕೆ, ಕಡಲ ದಂಡೆಯಲ್ಲಿರುವ ಅವಳ ಅಕ್ಕನ ಮನೆಗೆ ಹೊರಡುವುದಿತ್ತು.

“ಎಂ-ನ ಕಾಲು ಸೊಟ್ಟಗಿದೆ ಕಣೋ ಮಕಾರಿಚ್,” ಎಂದಳು ಕೆಳಗಿನಿಂದ ಉಗ್ರಾಣದ ಜೋಯಾ ಪಾವ್ಲೊವ್ನಾ. ಅವಳ ಸಲಹೆ ಕೇಳದೆ ಅಲ್ಲಿ ಒಂದು ಮೊಳೆಯೂ ಗೋಡೆ ಸೇರುತ್ತಿರಲಿಲ್ಲ.

ಅವನು ಇಳಿಯುವಷ್ಟರಲ್ಲಿ ಮೇಸ್ತ್ರಿ ಬಂದ. “ಎಂ ಬೇಡ. ಪ್ರಯಾಣಿಕರ ವಿಮಾನ ಯಾರಿಗೂ ಬೇಡವಂತೆ. ಟಿ ಬರಿ, ಸರಕಿನದು.”

“ಉದ್ದಕ್ಕೂ ಕಿಟಕಿ ಇದೆಯಲ್ಲ? ಸರಕು ಹೊರಗೆ ನೋಡ್ಕೊಂಡು ಹೋಗುತ್ತಾ?”

“ಅದನ್ನ ಮೇಲಿನವರನ್ನ ಕೇಳು.”

ಸವೆಲಿ ಎಂ ಒರೆಸಿ ಟಿ ಬರೆದ. ಊಟಕ್ಕೆಂದು ಕೋಸಿನ ಸೂಪು ಬಟ್ಟಲಿಗೆ ಬಿದ್ದಿತ್ತಷ್ಟೆ, ಮತ್ತೆ ಕರೆ ಬಂತು. ಈಗ ‘400’ರ ಬದಲು ‘300’ ಬೇಕಂತೆ.

“ಅದು ಗಿಡ್ಡ ವಿಮಾನ, ವಾದಿಮ್ ಗ್ಲೆಬೊವಿಚ್. ಇದು ಅದಕ್ಕಿಂತ ಒಂದು ಬಸ್ಸಿನಷ್ಟು ಹೆಚ್ಚು ಉದ್ದ ಇದೆ. ಗರಗಸ ಕೊಡ್ತೀರಾ?”

“ವಾದ ಮಾಡ್ಬೇಡ. ಬರಿ.”

ನಾಲ್ಕನ್ನು ಮೂರು ಮಾಡುವ ಹೊತ್ತಿಗೆ ಜೋಯಾ ಅಟ್ಟಣಿಗೆಯ ಏಣಿ ಹಿಡಿದು, “ಸ್ವಲ್ಪ ಎಡಕ್ಕೆ,” ಎಂದು ಅಲುಗಿಸಿದಳು. ಬಣ್ಣದ ಡಬ್ಬಿ ಮಗುಚಿ, ಕೆಳಗೆ ನಿಂತಿದ್ದ ಮೇಸ್ತ್ರಿಯ ಬೋಳುತಲೆ ತಾಮ್ರದ ಚೊಂಬಿಗೆ ನೀಲಿ ಬಳಿದಂತಾಯಿತು. ಅವನು ಬೈಯಲಿಲ್ಲ. ನಿಧಾನವಾಗಿ ಕಣ್ಣೊರೆಸಿಕೊಂಡು, “ರಜೆ ವಿಷಯ ಸಂಜೆ ಮಾತಾಡೋಣ,” ಎಂದ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಸವೆಲಿಗೆ.

ಮೂರು ಹೋಗಿ ಮತ್ತೆ ನಾಲ್ಕಾಯಿತು, ಟಿ ಬಂತು, ಟಿ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಥ ಕೆಲಸ. ತೋಳು ಸೋತು ಒದ್ದೆ ಟವಲಿನಂತೆ ಜೋತಾಡಿತು. ಕೊನೆಗೆ, “ಬರೀ ಇಲ್-96 ಸಾಕು. ಮುಂದಿನದನ್ನ ಕೊಂಡವರೇ ಬರ್ಕೋತಾರೆ,” ಎಂಬ ಅಪ್ಪಣೆ ಬಂತು. ಬಾಗಿಲು ತೆರೆದು, ಟ್ರ್ಯಾಕ್ಟರು ವಿಮಾನವನ್ನು ಎಳೆದುಕೊಂಡು ಹೊರಟಿತು. ಶೆಡ್ಡು ಮದುವೆ ಮುಗಿದ ಛತ್ರದಂತೆ ಖಾಲಿಯಾಯಿತು.

ಹಣೆಯಲ್ಲಿ ನೀಲಿ ಇನ್ನೂ ಉಳಿದಿದ್ದ ಮೇಸ್ತ್ರಿ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. ಅಷ್ಟು ಪ್ರೀತಿ ಕಂಡು ಸವೆಲಿಗೆ ಭಯವಾಯಿತು.

“ನಾನು ಸೇಡಿನ ಮನುಷ್ಯ ಅಲ್ಲ ಮಕಾರಿಚ್. ರಜೆ ಕೊಟ್ಟಿದೀನಿ.”

“ಒಂದು ವಾರ ತಾನೆ?”

“ಮುಂದಿನ ವಿಮಾನ ಬಣ್ಣಕ್ಕೆ ಬರೋವರೆಗೆ.”

“ಯಾವಾಗ ಬರುತ್ತೆ?”

“ಈಗಿನ್ನೂ ಮೂಗು ಮಾತ್ರ ಇದೆ. ರೆಕ್ಕೆ ಯಾವ ಥರದ್ದು ಅಂತ ತೀರ್ಮಾನ ಆಗಿಲ್ಲ. ಬರೋ ವರ್ಷ ಬಂದ್ರೆ ನಮ್ಮ ಪುಣ್ಯ.”

“ಸಂಬಳ?”

ಮೇಸ್ತ್ರಿ ತೆರೆದ ಬಾಗಿಲಾಚೆಯ ಆಕಾಶ ನೋಡಿದ. ಅಲ್ಲಿ ಯಾವ ವಿಮಾನವೂ ಇರಲಿಲ್ಲ.

ಗೇಟಿನ ಹೊರಗೆ ಬಂದಾಗ ರಯೀಸಾಳ ಫೋನು. “ರಜೆ ಸಿಕ್ತಾ?”

“ಸಿಕ್ತು.”

“ಎಷ್ಟು ದಿನ ಕೊಟ್ರು?”

ಸವೆಲಿ ತನ್ನ ನೀಲಿ ಬೆರಳುಗಳನ್ನು ನೋಡಿಕೊಳ್ಳುತ್ತ ಟ್ರಾಮಿನ ನಿಲ್ದಾಣದಲ್ಲಿ ಕುಳಿತ.

“ನಿಮ್ಮಕ್ಕನಿಗೆ ಫೋನ್ ಮಾಡು,” ಎಂದ. “ಅವಳ ಮನೆ ಗೋಡೆ ಎಲ್ಲಾದ್ರೂ ಬಣ್ಣ ಬಿಟ್ಟಿದೆಯಾ ಕೇಳು. ಬಿಟ್ಟಿಲ್ಲ ಅಂದ್ರೆ ಪಕ್ಕದ ಮನೆಯವರದ್ದೂ ವಿಚಾರಿಸು.”